ಬಿಲ್ಲಿನಲ್ಲಿ ಬರೆಯದ ಬಾಬತ್ತು

ನನ್ನದು ಲೆಕ್ಕ ಪರಿಶೋಧನೆಯ ಕಸುಬು. ಮೈಸೂರಿನಲ್ಲಿ ಅರ್ಧ ಆಯುಷ್ಯ ಕಂಡವರ ಬಿಲ್ಲು, ವೋಚರು ಕೆದಕುವುದರಲ್ಲೇ ಕಳೆಯಿತು. ಯಾರಾದರೂ ‘ಇತರೆ’ ಎಂದು ಒಂದು ಸಾಲು ಹಾಕಿ ದೊಡ್ಡ ಮೊತ್ತ ತೋರಿಸಿದರೆ, ಅದರ ಹೊಟ್ಟೆಯೊಳಗೆ ಏನೇನಿದೆ ಎಂದು ಬಿಡಿಸಿ ನೋಡುವ ತನಕ ನನಗೆ ಸಮಾಧಾನವಿಲ್ಲ. ಹಾಗಾಗಿ ದಕ್ಷಿಣ ಆಫ್ರಿಕಾದ ಸಾಬಿ ಸ್ಯಾಂಡ್ ಕಾಡಿನ ಲಾಡ್ಜೊಂದರಲ್ಲಿ, ಹೊರಡುವ ಬೆಳಿಗ್ಗೆ ಕೈಗೆ ಬಂದ ಬಿಲ್ಲಿನಲ್ಲಿ ‘ಎಲ್ಲವೂ ಸೇರಿ’ ಎಂಬ ಒಂದೇ ಸಾಲು ಕಂಡಾಗ ಬೆರಳು ತಾನಾಗಿ ಪೆನ್ನು ಹುಡುಕಿತು.

ತಲೆಗೆ, ರಾತ್ರಿಯೊಂದಕ್ಕೆ, ಇಪ್ಪತ್ತು ಸಾವಿರ ರಾಂಡ್‌ಗೆ ಸ್ವಲ್ಪವೇ ಕಡಿಮೆ. ನಮ್ಮ ರೂಪಾಯಿಯಲ್ಲಿ ಹತ್ತಿರ ಹತ್ತಿರ ಒಂದು ಲಕ್ಷ. ಅದೂ ಜೋಹಾನ್ಸ್‌ಬರ್ಗ್‌ನಲ್ಲಿ ಕೆಲಸದಲ್ಲಿರುವ ಮಗಳು, ಅಲ್ಲಿನ ನಿವಾಸಿಗಳಿಗೆಂದು ಕೊಡುವ ರಿಯಾಯಿತಿ ದರದಲ್ಲಿ ಹಿಡಿದದ್ದು. ದುಡ್ಡು ಅವಳದು, ಹೊಟ್ಟೆ ಉರಿದದ್ದು ನನ್ನದು.

ಬಿಡಿಸಿ ನೋಡಿದೆ. ಮೂರು ಹೊತ್ತಿನ ಊಟ, ನಡುನಡುವೆ ಕಾಫಿ, ಕೇಕು, ಬೇಕಾದವರಿಗೆ ಬೇಕಾದಷ್ಟು ವೈನು, ಬಟ್ಟೆ ಒಗೆತ, ದಿನಕ್ಕೆ ಎರಡು ಸಫಾರಿ, ಒಂದೊಂದೂ ಮೂರು ಮೂರೂವರೆ ಗಂಟೆ, ಅತಿಥಿಗಳಿಗಿಂತ ಹೆಚ್ಚು ಇರುವ ಕೆಲಸದವರ ಸಂಬಳ, ಕಾಡಿನ ಮಧ್ಯಕ್ಕೆ ಸೊಪ್ಪು, ಹಾಲು ಸಾಗಿಸುವ ಖರ್ಚು. ಕಬಿನಿ ಕಡೆಯ ಒಂದೆರಡು ರೆಸಾರ್ಟುಗಳ ಲೆಕ್ಕ ನೋಡಿದ ಅನುಭವದ ಮೇಲೆ ಎಷ್ಟು ಧಾರಾಳವಾಗಿ ಅಂದಾಜು ಹಾಕಿದರೂ ಅರ್ಧ ದಾಟಲಿಲ್ಲ. ಮಾಲೀಕರ ಲಾಭವೆಂದು ಒಂದಷ್ಟು ತೆಗೆದಿಟ್ಟರೂ ದೊಡ್ಡ ಮೊತ್ತವೊಂದು ಯಾವ ಬಾಬತ್ತಿಗೂ ಸೇರದೆ ಉಳಿಯಿತು. ಅದು ಯಾವುದಕ್ಕೆ ಕೊಟ್ಟದ್ದೆಂದು ನನಗೆ ಗೊತ್ತಿತ್ತು. ಗೊತ್ತಾದ ಮೇಲೂ ಅಲ್ಲಿನ ಊಟ ರುಚಿಯಾಗಿಯೇ ಇತ್ತು. ಈ ಬರಹ ಆ ರುಚಿಯ ಬಗ್ಗೆ.

ಸಾಬಿ ಸ್ಯಾಂಡ್ ಇರುವುದು ಎಂಪುಮಲಾಂಗ ಪ್ರಾಂತ್ಯದಲ್ಲಿ, ಕ್ರೂಗರ್ ರಾಷ್ಟ್ರೀಯ ಉದ್ಯಾನದ ಪಶ್ಚಿಮದ ಅಂಚಿಗೆ. ಸುಮಾರು 65,000 ಹೆಕ್ಟೇರು. ಸರ್ಕಾರದ ಕಾಡಲ್ಲ, ಅಕ್ಕಪಕ್ಕದ ಜಮೀನುದಾರರು ಕೂಡಿಕೊಂಡು 1948ರಲ್ಲಿ ಕಟ್ಟಿಕೊಂಡ ಖಾಸಗಿ ಅಭಯಾರಣ್ಯ. ದನಗಳಿಗೆ ಕಾಲುಬಾಯಿ ಜ್ವರ ಹರಡಬಾರದೆಂದು 1961ರಲ್ಲಿ ಇದಕ್ಕೂ ಕ್ರೂಗರ್‌ಗೂ ನಡುವೆ ಬೇಲಿ ಎಳೆದರು, 1993ರಲ್ಲಿ ಕಿತ್ತರು. ಆನೆ, ಸಿಂಹಗಳಿಗೆ ಈಗ ಎರಡೂ ಒಂದೇ. ಮನುಷ್ಯರಿಗೆ ಮಾತ್ರ ಬೇರೆ ಬೇರೆ. ಕ್ರೂಗರ್‌ಗೆ ಯಾರು ಬೇಕಾದರೂ ಕೆಲವು ನೂರು ರಾಂಡ್ ಪ್ರವೇಶಶುಲ್ಕ ಕೊಟ್ಟು ಸ್ವಂತ ಕಾರಿನಲ್ಲಿ, ಬುತ್ತಿ ಕಟ್ಟಿಕೊಂಡು ಹೋಗಬಹುದು. ರಸ್ತೆ ಬಿಟ್ಟು ಕಾರು ಇಳಿಸುವಂತಿಲ್ಲ, ಅಷ್ಟೇ. ಸಾಬಿ ಸ್ಯಾಂಡ್‌ನಲ್ಲಿ ಮೇಲ್ಛಾವಣಿಯಿಲ್ಲದ ಲ್ಯಾಂಡ್ ಕ್ರೂಸರು. ಚಿರತೆ ಪೊದೆಗೆ ನುಗ್ಗಿದರೆ ಹಿಂದೆಯೇ ನುಗ್ಗಬಹುದು. ಮತ್ತು ಒಂದು ಪ್ರಾಣಿಯ ಹತ್ತಿರ ಮೂರಕ್ಕಿಂತ ಹೆಚ್ಚು ಜೀಪು ನಿಲ್ಲುವಂತಿಲ್ಲ.

ಈ ಮೂರರ ನಿಯಮ ನನ್ನ ಮನಸ್ಸಿಗೆ ಎಷ್ಟು ಹಿತವಾಯಿತೆಂದು ಹೇಳದೆ ಮುಂದೆ ಹೋದರೆ ಬರೆದದ್ದು ದಂಡ. ಕಬಿನಿಯ ದಮ್ಮನಕಟ್ಟೆ ಗೇಟಿನಿಂದ ಎಷ್ಟೋ ಸಲ ಸಫಾರಿಗೆ ಹೋಗಿದ್ದೇನೆ. ಹುಲಿ ಕಂಡಿತೆಂದರೆ ಸಾಕು, ಬಸ್ಸು ಜೀಪುಗಳೆಲ್ಲ ಒಂದರ ಹಿಂದೊಂದು ಒತ್ತಿಕೊಂಡು ಬಂದು, ಕಿಟಕಿ ತುಂಬ ಮೊಬೈಲು ಹಿಡಿದ ಕೈಗಳು, ‘ಎಲ್ರೀ, ಎಲ್ರೀ’ ಎನ್ನುವ ಗದ್ದಲ, ಕುರುಕಲು ಪೊಟ್ಟಣದ ಸದ್ದು. ಪ್ರತಿ ಸಲವೂ ಮನೆಗೆ ಬಂದು ನಾನು ಹೇಳುತ್ತಿದ್ದದ್ದು ಒಂದೇ ಮಾತು: ಜನ, ಜನ, ಬರೀ ಜನ. ನಾನೂ ಆ ಜನದಲ್ಲಿ ಒಬ್ಬಳು ಎನ್ನುವುದು ಆಗ ಹೊಳೆಯುತ್ತಿರಲಿಲ್ಲ.

ಒಂದು ಬೆಳಿಗ್ಗೆಯ ಮಾತು. ಬಾನೆಟ್ಟಿನ ಎಡತುದಿಗೆ ಬೆಸೆದ ಪುಟ್ಟ ಸೀಟಿನಲ್ಲಿ ಕೂತಿದ್ದ ಟ್ರ್ಯಾಕರ್ ಕೈಯೆತ್ತಿದರು. ಜೀಪು ನಿಂತಿತು. ಇಳಿದು, ಮರಳು ಹಾದಿಯ ಮೇಲೆ ಬಗ್ಗಿ, ಕಡ್ಡಿಯಿಂದ ಒಂದು ಹೆಜ್ಜೆಗುರುತಿನ ಸುತ್ತ ಗೆರೆ ಎಳೆದು ನಮ್ಮನ್ನು ಕರೆದರು. ಮೇಲಿನ ಕೊಂಬೆಯಿಂದ ರಾತ್ರಿಯೆಲ್ಲ ಇಬ್ಬನಿ ತೊಟ್ಟಿಕ್ಕಿ ಮರಳಿನಲ್ಲಿ ಸಾಸಿವೆ ಗಾತ್ರದ ಗುಳಿಗಳು ಬಿದ್ದಿದ್ದವು. ಹೆಜ್ಜೆಯ ಒಳಗೆ ಮಾತ್ರ ಒಂದೂ ಗುಳಿಯಿಲ್ಲ. ಹಾಗಾದರೆ ಇಬ್ಬನಿ ನಿಂತ ಮೇಲೆ ನಡೆದದ್ದು, ಹೆಚ್ಚು ಹೊತ್ತಾಗಿಲ್ಲ. ಅಷ್ಟು ಹೇಳಿ ಅವರು ಕೈಯಲ್ಲಿ ಒಂದು ವಾಕಿಟಾಕಿ ಬಿಟ್ಟರೆ ಬೇರೇನೂ ಇಲ್ಲದೆ ಪೊದೆಗಳ ನಡುವೆ ನಡೆದುಹೋದರು. ನಾವು ಬಿಸಿ ಕಾಫಿ ಕುಡಿಯುತ್ತ ಕೂತೆವು. ಸ್ವಲ್ಪ ಹೊತ್ತಿಗೆ ರೇಡಿಯೊ ಕರಕರಗುಟ್ಟಿತು: ‘ಇಂಗ್ವೆ’. ಚಿರತೆ.

ಮಾರುಲ ಮರದ ಕವಲಿನಲ್ಲಿ ಹೆಣ್ಣು ಚಿರತೆ ಇಂಪಾಲವೊಂದನ್ನು ಏರಿಸಿಟ್ಟುಕೊಂಡು ತಿನ್ನುತ್ತಿತ್ತು. ರೇಂಜರ್ ಹುಡುಗ ದುರ್ಬೀನಿನಲ್ಲಿ ಅದರ ಮೀಸೆಯ ಮೇಲ್ಸಾಲಿಗೂ ಮೇಲಿರುವ ಚುಕ್ಕೆಗಳನ್ನು ಎಣಿಸಿದರು. ಬಲಗೆನ್ನೆಗೆ ಮೂರು, ಎಡಕ್ಕೆ ಎರಡು. ಹಾಗಾಗಿ ಇಂಥದ್ದೇ ಚಿರತೆ, ಇಂಥದ್ದರ ಮಗಳು. ವಂಶಾವಳಿಯೇ ಬಾಯಲ್ಲಿತ್ತು. ಪಕ್ಕೆಲುಬು ಮುರಿಯುವ ಸದ್ದು, ತೊಟ್ಟಿಕ್ಕುವ ರಕ್ತ ಒಣಗೆಲೆಯ ಮೇಲೆ ಬೀಳುವ ಸದ್ದು, ಎರಡೂ ಬೇರೆ ಬೇರೆಯಾಗಿ ಕೇಳುವಷ್ಟು ಹತ್ತಿರ. ಈ ನಡುವೆ ರೇಡಿಯೊದಲ್ಲಿ ಬೇರೆ ಲಾಡ್ಜಿನ ಜೀಪೊಂದು ಸರದಿ ಕೇಳಿತು. ಆಗಲೇ ಮೂವರಿದ್ದೆವು. ಕಾಯಿರಿ ಎಂದರು ನಮ್ಮ ರೇಂಜರ್. ಆ ಕ್ಷಣ ನನ್ನೊಳಗೆ ಆದ ಸಂತೋಷವನ್ನು ಎಷ್ಟು ಜಾಲಾಡಿದರೂ ಅದರಲ್ಲಿ ಚಿರತೆಯ ಪಾಲು ಅರ್ಧ, ಕಾಯುತ್ತಿದ್ದ ಆ ಜೀಪಿನ ಪಾಲು ಅರ್ಧ.

ಇಲ್ಲೊಂದು ಮಾತು ಹೇಳಬೇಕು. ಮೇಲೆ ಟ್ರ್ಯಾಕರ್ ‘ಕರೆದರು’, ‘ನಡೆದುಹೋದರು’ ಎಂದು ಬರೆದಿದ್ದೇನೆ. ಬರೆಯುವಾಗ ತಿದ್ದಿಕೊಂಡದ್ದು ಅದು. ರಾತ್ರಿ ಊಟದ ಹೊತ್ತಿಗೆ ನಮ್ಮವರಿಗೆ ಈ ಕಥೆ ಹೇಳುವಾಗ (ಅವರು ಚಳಿಗೆ ಹೆದರಿ ಬೆಳಿಗ್ಗೆ ಬಂದಿರಲಿಲ್ಲ) ನನ್ನ ಬಾಯಲ್ಲಿ ಬಂದದ್ದು ‘ಅವನು ಇಳಿದ, ಅವನು ನೋಡಿದ’. ಮಗಳು ಫೋರ್ಕು ಕೆಳಗಿಟ್ಟು ನಕ್ಕಳು. “ಅಮ್ಮ, ಇಪ್ಪತ್ತೈದು ವರ್ಷದ ಬಿಳಿ ಹುಡುಗ ನಿಂಗೆ ‘ಅವರು’. ಅಪ್ಪನ ವಯಸ್ಸಿನ ಮನುಷ್ಯ ‘ಅವನು’. ಯಾವ ಲೆಕ್ಕ ಇದು?” ನಾನು ಏನೋ ಸಮಜಾಯಿಷಿ ಹೇಳಿದೆ, ಪ್ರೀತಿಯಿಂದ ಹಾಗಂದೆ ಅಂತ. ಪ್ರೀತಿಯಲ್ಲ. ಒಬ್ಬರು ಸ್ಟಿಯರಿಂಗ್ ಹಿಡಿದಿದ್ದರು, ಬಂದೂಕು ಅವರ ಮುಂದೆ ಇತ್ತು, ಇಂಗ್ಲಿಷು ಸಲೀಸು; ಇನ್ನೊಬ್ಬರು ಮೈ ಕಪ್ಪು, ಮಾತು ಕಡಿಮೆ, ಕೂತದ್ದು ಬಾನೆಟ್ಟಿನ ತುದಿಯಲ್ಲಿ. ನನ್ನ ನಾಲಿಗೆ ಯಾರನ್ನೂ ಕೇಳದೆ ಅವರವರ ಜಾಗ ಗೊತ್ತುಮಾಡಿಬಿಟ್ಟಿತ್ತು. ಕಾಗದದ ಮೇಲೆ ತಿದ್ದುವುದು ಸುಲಭ. ಒಳಗೆ ನಾನು ನನ್ನೊಂದಿಗೆ ಆಡುವ ಮಾತಿನಲ್ಲಿ ಅವರು ಈಗಲೂ ಆಗಾಗ ‘ಅವನು’ ಆಗುತ್ತಾರೆ.

ನಮ್ಮ ಜೀಪಿನಲ್ಲಿ ಜರ್ಮನ್ ದಂಪತಿ ಇದ್ದರು. ಸಫಾರಿಯಿಂದ ಬಂದ ಪ್ರತಿ ಸಲವೂ ಮೆಟ್ಟಿಲ ಬುಡದಲ್ಲಿ ಹುಡುಗಿಯೊಬ್ಬಳು ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಪುಟ್ಟ ಟವೆಲುಗಳ ತಟ್ಟೆ ಹಿಡಿದು ನಿಂತಿರುತ್ತಿದ್ದಳು. ಲಾಡ್ಜಿಗೆ ಬೇಲಿಯಿಲ್ಲದ್ದರಿಂದ ಕತ್ತಲಾದ ಮೇಲೆ ಕೋಣೆಗೆ ಹೋಗಬೇಕಾದರೆ ಟಾರ್ಚು ಹಿಡಿದ ಕಾವಲಿನವರು ಜತೆಗೆ. ಇದೆಲ್ಲ ಆ ದಂಪತಿಗೆ ಬಲು ಮುಜುಗರ. ಉಂಡ ತಟ್ಟೆ ತಾವೇ ಎತ್ತಿಕೊಂಡು ಹೊರಡುವರು, ಓಡಿಬಂದ ಹುಡುಗ ಇಸಿದುಕೊಳ್ಳುವನು. ಹಾಸಿಗೆ ತಾವೇ ಸರಿಮಾಡಿ ಬರುತ್ತಿದ್ದೆವೆಂದು ಆಕೆ ನನ್ನ ಹತ್ತಿರ ಗುಟ್ಟಾಗಿ ಹೇಳಿದರು. ನಮಗೋ, ಮೊದಲ ಗಂಟೆಯಿಂದಲೇ ಎಲ್ಲ ಸರಾಗ. ನಮ್ಮವರು ಒದ್ದೆ ಟವೆಲು ನೆಲದ ಮೇಲೆ ಬಿಸಾಡಿ ಬರುತ್ತಿದ್ದರು, ನಾನೂ ಎತ್ತುತ್ತಿರಲಿಲ್ಲ. ಸೇವೆ ಮಾಡಿಸಿಕೊಳ್ಳುವುದಕ್ಕೂ ಅಭ್ಯಾಸ ಬೇಕು. ಅದು ನಮಗೆ ಚಿಕ್ಕಂದಿನಿಂದ ಇತ್ತು. ನಾನು ಬೆಳೆದ ಅಗ್ರಹಾರದ ಮನೆಯಲ್ಲಿ ಪಾತ್ರೆ ತೊಳೆಯುವಾಕೆ ಹಿತ್ತಲ ಬಾಗಿಲಿನಿಂದ ಬರುತ್ತಿದ್ದಳು, ಅವಳ ಕಾಫಿ ಲೋಟ ಹಿತ್ತಲ ಗೂಡಿನಲ್ಲೇ ಇರುತ್ತಿತ್ತು. ಯಾರೂ ಅದರ ಬಗ್ಗೆ ಮಾತಾಡಿದ ನೆನಪಿಲ್ಲ. ಮಾತಾಡುವ ಅಗತ್ಯ ಬೀಳದಂತೆ ಎಲ್ಲ ನಡೆದುಕೊಂಡು ಹೋಗುತ್ತಿತ್ತು, ಥೇಟು ಆ ಲಾಡ್ಜಿನ ಹಾಗೆ.

ಊಟದ ವಿಚಾರ ಬೇರೆ. ಮೊಟ್ಟೆಯನ್ನೂ ಮುಟ್ಟದ ಇಬ್ಬರಿಗಾಗಿ ಅಡುಗೆಯವರು ಪ್ರತಿ ಹೊತ್ತಿಗೂ ಮೇಜಿಗೆ ಬಂದು ವಿಚಾರಿಸುತ್ತಿದ್ದರು. ಕೆಲಸದವರೆಲ್ಲ ತಿನ್ನುವ ಪಾಪ್ ರುಚಿ ನೋಡಬೇಕೆಂದೆ. ಮುಸುಕಿನ ಜೋಳದ ಹಿಟ್ಟಿನದು, ನಮ್ಮ ಮುದ್ದೆಯ ಬಿಳಿ ತಮ್ಮ. ಬೆಳ್ಳಿ ಅಂಚಿನ ತಟ್ಟೆಯಲ್ಲಿ ಬಟ್ಟಲು ಬೋರಲು ಹಾಕಿದಂತೆ ಗುಂಡಗೆ, ಮೇಲೊಂದು ಸೊಪ್ಪಿನೆಳೆ ಇಟ್ಟು ತಂದರು. ನುಂಗುವಂತಿರಲಿಲ್ಲ, ನೋಡುವಂತಿತ್ತು.

ಸಂಜೆ ಸೂರ್ಯ ಇಳಿಯುವ ಹೊತ್ತಿಗೆ ಬಯಲೊಂದರಲ್ಲಿ ಜೀಪು ನಿಲ್ಲಿಸಿ, ಮಡಚುವ ಮೇಜಿಗೆ ಬಿಳಿ ಬಟ್ಟೆ ಹಾಸಿ, ಜಿನ್ನು, ಟಾನಿಕ್ಕು, ಒಣಮಾಂಸದ ಚೂರು ಜೋಡಿಸುವುದು ಅಲ್ಲಿನ ಪದ್ಧತಿ. ಬೆಳಿಗ್ಗೆ ಮರಳಿನ ಮೇಲೆ ಇಬ್ಬನಿಯ ಲೆಕ್ಕ ಓದಿದ ಅದೇ ಕೈ ಈಗ ನಿಂಬೆಹಣ್ಣನ್ನು ತೆಳ್ಳಗೆ ಬಿಲ್ಲೆ ಹೆಚ್ಚುತ್ತಿತ್ತು. ನಾನು ನಿಂಬೆರಸ ಕುಡಿಯುವವಳಾದ್ದರಿಂದ ಅವರ ಹತ್ತಿರ ನಿಂತು ಮಾತಿಗೆಳೆದೆ. ಊರು ಪಶ್ಚಿಮದ ಬೇಲಿಯ ಆಚೆ, ಬುಷ್‌ಬಕ್‌ರಿಜ್ ಕಡೆಯ ಹಳ್ಳಿ. ಮನೆಯಲ್ಲಿ ತಾಯಿ ಇದ್ದಾರೆ. ರಾತ್ರಿ ಸಿಂಹದ ಗರ್ಜನೆ ಮನೆಯಂಗಳಕ್ಕೂ ಕೇಳುತ್ತದಂತೆ. “ಅಮ್ಮ ನೋಡಿದ್ದಾರಾ ಸಿಂಹಾನ?” ಎಂದೆ. ಇಲ್ಲವಂತೆ. ಕರೆದುಕೊಂಡು ಬರಬಾರದೇ ಎಂದು ಕೇಳಿದ್ದಕ್ಕೆ ನಕ್ಕರು. ಅವಳಿಗೆ ಸಿಂಹ ಬೇಡ. ಅವಳ ಅಜ್ಜಿಯ ಹೊಲ ಈ ಕಾಡೊಳಗೆ ಎಲ್ಲೋ ಇತ್ತು, ಅದನ್ನು ತೋರಿಸು ಅಂತಾಳೆ, ಎಲ್ಲೀಂತ ತೋರಿಸಲಿ ಎಂದು ಹೇಳಿ ನಿಂಬೆಯ ಬಿಲ್ಲೆಗಳನ್ನು ತಟ್ಟೆಗೆ ಜೋಡಿಸಿ ಒಯ್ದರು.

ಅದಕ್ಕೆ ಮೊದಲು ಒಂದು ಕಡೆ, ಹುತ್ತದ ಪಕ್ಕದಲ್ಲಿ, ನಡುವೆ ಸವೆದು ತಗ್ಗಾದ ಚಪ್ಪಟೆ ಕಲ್ಲೊಂದನ್ನು ರೇಂಜರ್ ತೋರಿಸಿದ್ದರು. ಹಿಂದಿನವರು ಕಾಳು ಅರೆಯುತ್ತಿದ್ದ ಕಲ್ಲು, ಬಲು ಹಳೆಯದಿರಬಹುದು ಎಂದು ಹೇಳಿ ಗಾಡಿ ಎತ್ತಿದ್ದರು. ಯಾರೂ ಫೋಟೊ ತೆಗೆದಿರಲಿಲ್ಲ. ನಿಂಬೆರಸ ಕೈಯಲ್ಲಿ ಹಿಡಿದು ನಿಂತಾಗ ಆ ಕಲ್ಲು ನಿಜಕ್ಕೂ ಎಷ್ಟು ಹಳೆಯದಿದ್ದೀತು ಎಂದು ಯೋಚನೆ ಬಂತು. ಬಿಲ್ಲಿನಲ್ಲಿ ಯಾವ ಬಾಬತ್ತಿಗೂ ಸೇರದೆ ಉಳಿದ ಮೊತ್ತ ಇದು: ಕಾಡಿನಲ್ಲಿ ಜನ ಇಲ್ಲದಿರುವುದಕ್ಕೆ ಕೊಟ್ಟ ದುಡ್ಡು. ಬರೀ ಬೇರೆ ಪ್ರವಾಸಿಗರು ಇಲ್ಲದ್ದಕ್ಕಲ್ಲ. ಅಲ್ಲಿ ಇದ್ದವರು ಈಗ ಇಲ್ಲದ್ದಕ್ಕೂ.

ಇದೇನೂ ಮುಚ್ಚಿಟ್ಟ ಇತಿಹಾಸವಲ್ಲ. 1913ರ ಜಮೀನು ಕಾಯಿದೆ ದೇಶದ ಬಹುಸಂಖ್ಯಾತ ಕಪ್ಪು ಜನರಿಗೆ ಸುಮಾರು ಶೇಕಡ 7ರಷ್ಟು ನೆಲವನ್ನು ಮೀಸಲಿಟ್ಟು, ಬೇರೆಲ್ಲೂ ಕೊಳ್ಳದಂತೆ ಮಾಡಿತು. 1936ರಲ್ಲಿ ಅದು ಸುಮಾರು 13ಕ್ಕೆ ಏರಿತು. ಕ್ರೂಗರ್‌ನ ಮೂಲವಾದ ಸಾಬಿ ಮೀಸಲು ಕಾಡು ಘೋಷಣೆಯಾದದ್ದು 1898ರಲ್ಲಿ. 1902ರಲ್ಲಿ ವಾರ್ಡನ್ ಆಗಿ ಬಂದ ಜೇಮ್ಸ್ ಸ್ಟೀವನ್ಸನ್-ಹ್ಯಾಮಿಲ್ಟನ್ ಮಾಡಿದ ಮೊದಮೊದಲ ಕೆಲಸಗಳಲ್ಲಿ ಒಂದು ಒಳಗಿದ್ದ ಜನರನ್ನು ಹೊರಕ್ಕೆ ಕಳಿಸಿದ್ದು. ಪಕ್ಕದ ಖಾಸಗಿ ಜಮೀನುಗಳಿಂದಲೂ ಶಾಂಗಾನ್ ಕುಟುಂಬಗಳು ಕಾಲಕಾಲಕ್ಕೆ ಎದ್ದು ಹೋಗಬೇಕಾಯಿತು. ವರ್ಣಭೇದದ ಸರ್ಕಾರ ಇವರಂಥ ತ್ಸೋಂಗಾ ಮಾತಿನವರಿಗೆಂದು ಗಜಾಂಕುಲು ಎಂಬ ‘ನಾಡು’ ಗೆರೆ ಎಳೆದು ಕೊಟ್ಟಿತು. 1994ರಲ್ಲಿ ಬಂದ ಕಾಯಿದೆಯ ಪ್ರಕಾರ 1913ರ ನಂತರ ನೆಲ ಕಳೆದುಕೊಂಡವರು ಅದನ್ನು ಮರಳಿ ಕೇಳಬಹುದಾಗಿತ್ತು. ಸಾಬಿ ಸ್ಯಾಂಡ್‌ನ ಒಳಗೇ ಇರುವ ಮಾಲಾಮಾಲಾ ಎಂಬ ಪ್ರಸಿದ್ಧ ಜಮೀನನ್ನು ಎನ್ವಾಂಡ್ಲಮಾರಿ ಸಮುದಾಯದವರು ಹಾಗೆ ಕೇಳಿದರು. 2013ರಲ್ಲಿ ಸರ್ಕಾರ ನೂರು ಕೋಟಿ ರಾಂಡ್‌ಗೂ ಮೀರಿದ ಬೆಲೆಗೆ ಕೊಂಡು ಅವರಿಗೆ ಬಿಟ್ಟುಕೊಟ್ಟಿತು. ಲಾಡ್ಜು ಹಾಗೇ ನಡೆಯುತ್ತಿದೆ, ಈಗ ನೆಲದ ಒಡೆತನ ಮಾತ್ರ ಅವರದು. ಉಳಿದ ಕಡೆ ಬೇಲಿ ಇದ್ದಲ್ಲೇ ಇದೆ.

ಇದಕ್ಕೆ ಒಂದು ಉತ್ತರ ಸಿದ್ಧವಿದೆ, ಅದು ಸುಳ್ಳೂ ಅಲ್ಲ. ಈ ದುಡ್ಡಿಲ್ಲದಿದ್ದರೆ ಕಾಡೂ ಇಲ್ಲ. 2014ರಲ್ಲಿ ದಕ್ಷಿಣ ಆಫ್ರಿಕಾ ಒಂದೇ ವರ್ಷದಲ್ಲಿ 1,215 ಘೇಂಡಾಮೃಗಗಳನ್ನು ಕಳ್ಳಬೇಟೆಗೆ ಕಳೆದುಕೊಂಡಿತು. ಕಾವಲುಗಾರರು, ನಾಯಿಗಳು, ಕಳ್ಳರ ಆಸೆ ಅಳಿಯಲೆಂದು ಕೊಂಬು ಕೊಯ್ಯುವ ವೈದ್ಯರು, ಇವರೆಲ್ಲರ ಖರ್ಚು ಎಲ್ಲಿಂದಲೋ ಬರಬೇಕು. ಟ್ರ್ಯಾಕರ್ ಮನೆಯ ಒಲೆ ಉರಿಯುವುದೂ ನನ್ನಂಥವರ ಬಿಲ್ಲಿನಿಂದಲೇ. ಹೊರಡುವ ಮುನ್ನ ಅವರ ಕೈಗಿಟ್ಟ ಲಕೋಟೆಯಲ್ಲಿ ಲಾಡ್ಜು ಸೂಚಿಸಿದ್ದಕ್ಕಿಂತ ಹೆಚ್ಚೇ ಹಾಕಿದೆ. ಆದರೆ ಕಕ್ಷಿದಾರನಿಗೆ ತುಂಬ ಅನುಕೂಲವಾಗುವ ವಿವರಣೆ ಬಂದಾಗಲೆಲ್ಲ ಇನ್ನೊಮ್ಮೆ ವೋಚರು ತರಿಸಿ ನೋಡುವುದು ನನ್ನ ಕಸುಬಿನ ಪಾಠ. ಇಲ್ಲಿ ಕಕ್ಷಿದಾರಳೂ ನಾನೇ. ಚಿರತೆ ಉಳಿಯಲಿ ಎಂದು ನಾನು ಅಲ್ಲಿಗೆ ಹೋಗಿರಲಿಲ್ಲ. ಚಿರತೆಯ ಮುಂದೆ ನಾವಿಷ್ಟೇ ಜನ ಇರಲಿ ಎಂದು ಹೋಗಿದ್ದೆ.

ಇನ್ನೊಂದು ಸಮಾಧಾನವೂ ಕೈಗೆ ಸಿಕ್ಕಿತ್ತು: ನಾನು ಭಾರತೀಯಳು, ವರ್ಣಭೇದದ ಕಾಲದಲ್ಲಿದ್ದರೆ ನನ್ನನ್ನೂ ಹೊರಗೇ ಇಡುತ್ತಿದ್ದರು. ಇದು ನಿಜ. ಕ್ರೂಗರ್‌ನಲ್ಲಿ ಬಿಳಿಯರಲ್ಲದ ಪ್ರವಾಸಿಗರಿಗೆ ದಶಕಗಳ ಕಾಲ ತಂಗಲು ಸಿಗುತ್ತಿದ್ದದ್ದು ಬಾಲೂಲೆ ಎಂಬ ಪುಟ್ಟ ಕ್ಯಾಂಪು. ಜೇಕಬ್ ಡ್ಲಾಮಿನಿ ಎಂಬ ಇತಿಹಾಸಕಾರರ ‘ಸಫಾರಿ ನೇಷನ್’ (2020) ಓದಿದಾಗ ತಿಳಿದದ್ದೆಂದರೆ, ಅಷ್ಟು ಅವಮಾನದ ನಡುವೆಯೂ ಆಫ್ರಿಕನ್ ಮತ್ತು ಭಾರತೀಯ ಮೂಲದವರು ಪ್ರಾಣಿ ನೋಡುವ ಆಸೆಯಿಂದ ಅಲ್ಲಿಗೆ ಹೋಗುತ್ತಿದ್ದರು. ನೇಟಾಲಿನ ಕಬ್ಬಿನ ಗದ್ದೆಗೆ 1860ರಿಂದ ಬಂದಿಳಿದ ಕೂಲಿಗಳ ಮೊಮ್ಮಕ್ಕಳೂ ಅವರಲ್ಲಿದ್ದಿರಬೇಕು. ಆ ಜನರ ನೋವನ್ನು ನನ್ನ ಜಮೆಯ ಕಡೆ ಬರೆದುಕೊಳ್ಳಲು ಒಂದು ಗಳಿಗೆ ಮನಸ್ಸು ಮಾಡಿದ್ದೆ. ಅವರ ಪೈಕಿ ಯಾರೂ ನಮ್ಮ ಅಗ್ರಹಾರದಿಂದ ಹಡಗು ಹತ್ತಿದವರಲ್ಲ. ಹಿತ್ತಲ ಗೂಡಿನಲ್ಲಿ ಲೋಟ ಇದ್ದವರ ಕಡೆಯಿಂದಲೇ ಹೆಚ್ಚು ಮಂದಿ ಹತ್ತಿದ್ದರು.

ನಮ್ಮ ಕಡೆಯ ನಾಗರಹೊಳೆಯಲ್ಲೂ ಇಂಥದ್ದೇ ಕಥೆ; ಅದನ್ನು ನಾನು ಪತ್ರಿಕೆಯಲ್ಲಿ ಓದಿ ಬಲ್ಲೆ, ಕಣ್ಣಾರೆಯೂ ಕಂಡಿದ್ದೇನೆ. ಜೇನುಕುರುಬರ ಹಾಡಿಗಳನ್ನು ಕಾಡಿನಿಂದ ಎಬ್ಬಿಸಿದ್ದು, ಒಂದಷ್ಟು ಕುಟುಂಬಗಳನ್ನು ಹುಣಸೂರಿನ ಬಳಿ ನಾಗಾಪುರಕ್ಕೆ ತಂದು ಕೂರಿಸಿದ್ದು. 1990ರ ದಶಕದಲ್ಲಿ ಅದೇ ಕಾಡೊಳಗೆ ಮೂರ್ಕಲ್ಲಿನಲ್ಲಿ ದೊಡ್ಡ ಹೋಟೆಲು ಕಂಪನಿಯೊಂದು ರೆಸಾರ್ಟು ಕಟ್ಟಲು ಹೊರಟಾಗ ಆದಿವಾಸಿಗಳು ಬೀದಿಗಿಳಿದರು. 1997ರಲ್ಲಿ ಹೈಕೋರ್ಟು ಅದನ್ನು ತಡೆಯಿತು. ಆಗ ಹೊಸದಾಗಿ ಪ್ರಾಕ್ಟೀಸು ಶುರುಮಾಡಿದ್ದ ನನಗೆ ಕೈತಪ್ಪಿದ್ದು ಒಳ್ಳೆಯ ಕಕ್ಷಿದಾರ ಎಂದು ಅನ್ನಿಸಿತ್ತೇ ಹೊರತು ಬೇರೇನೂ ಅಲ್ಲ.

ಆಫ್ರಿಕಾದಿಂದ ಬಂದ ಮೇಲೆ ನಾನು ಬದಲಾದೆನೆಂದು ಅಂದುಕೊಂಡಿದ್ದೆ. ಸ್ನೇಹಿತರ ಮನೆಯಲ್ಲಿ ಆ ನಿಂಬೆಹಣ್ಣಿನ ಸಂಜೆಯ ಕಥೆ ಹೇಳಿ ಎಲ್ಲರನ್ನೂ ಸುಮ್ಮನಾಗಿಸುತ್ತಿದ್ದೆ. 2025ರ ಮೇ ತಿಂಗಳಲ್ಲಿ ಒಂದು ಸುದ್ದಿ ಬಂತು. ಹಿಂದೆ ಎಬ್ಬಿಸಲ್ಪಟ್ಟ ಜೇನುಕುರುಬರ ಕೆಲವು ಕುಟುಂಬಗಳು ಅರಣ್ಯ ಹಕ್ಕು ಕಾಯಿದೆಯ ಹೆಸರು ಹೇಳಿ ನಾಗರಹೊಳೆಯ ಕರಡಿಕಲ್ಲು ಹಾಡಿಗೆ ಮರಳಿ ಹೋಗಿ ಗುಡಿಸಲು ಹಾಕಿಕೊಂಡವು. ಬೆಳಗಿನ ಕಾಫಿ ಕುಡಿಯುತ್ತ ಆ ಸುದ್ದಿ ಓದಿದವಳ ತಲೆಯಲ್ಲಿ ಮೊದಲು ಹುಟ್ಟಿದ ಮಾತು, ‘ಅಯ್ಯೋ, ಕಾಡು ಹಾಳಾಯ್ತಲ್ಲ’. ಟ್ರ್ಯಾಕರ್ ತಾಯಿಯ ನೆನಪು ಬಂದದ್ದು ಲೋಟ ಖಾಲಿಯಾದ ಮೇಲೆ. ಬಂದಾಗ ನಾಚಿಕೆಯಾಯಿತು, ಆದರೆ ಮೊದಲ ಮಾತು ಮೊದಲೇ ಬಂದಾಗಿತ್ತು.

ಮೊನ್ನೆ ಮಗಳ ಫೋನು. “ಅಮ್ಮ, ಜೂನ್‌ಗೆ ಮತ್ತೆ ಬರ್ತೀರಾ? ಅದೇ ಲಾಡ್ಜ್ ನೋಡ್ಲಾ? ಈಗ್ಲೇ ಹಿಡಿದ್ರೆ ರೇಟ್ ಕಮ್ಮಿ.” ಬೇಡ ಕಣೇ, ಈ ಸಲ ಕ್ರೂಗರ್ ಒಳಗೇ ಹೋಗೋಣ, ಬಾಲೂಲೆಯಲ್ಲಿ ಇರೋಣ ಎನ್ನುವ ಮಾತು ನಾಲಿಗೆ ತುದಿಗೆ ಬಂತು. ಬಾಲೂಲೆಯ ಗುಡಿಸಲುಗಳಿಗೆ ಇವತ್ತಿಗೂ ಕರೆಂಟಿಲ್ಲ, ರಾತ್ರಿಗೆ ಲಾಂದ್ರ, ಅಡುಗೆ ನಾವೇ ಮಾಡಿಕೊಳ್ಳಬೇಕು. ನಮ್ಮವರು ಪಕ್ಕದಿಂದ “ಅದೇ ಕೋಣೆ ಕೇಳು, ಹೊಳೆ ಕಡೇದು” ಎಂದರು. ನನಗೆ ಆ ಕೋಣೆಯ ವರಾಂಡ, ಬೆಳಿಗ್ಗೆ ಅಲ್ಲಿಗೆ ಬರುತ್ತಿದ್ದ ಕಾಫಿ, ಕಣ್ಣು ಹಾಯುವಷ್ಟು ದೂರ ಒಬ್ಬ ಮನುಷ್ಯನೂ ಇಲ್ಲದ ಬಯಲು ನೆನಪಾದವು. ಟ್ರ್ಯಾಕರ್ ಅವರೇ ಇರುತ್ತಾರಾ ವಿಚಾರಿಸು ಎಂದು ಮಾತ್ರ ಹೇಳಿದೆ. ಮುಂಗಡ ಕಟ್ಟಿಯಾಯಿತು. ಬಾಕಿ ಏಪ್ರಿಲ್‌ನಲ್ಲಿ ಕೊಡಬೇಕು. ಈ ಸಲ ದುಡ್ಡು ನನ್ನದು.